ಕಬ್ಬಿನ ಹಂಗಾಮಿಗೆ ಹೋಗುವ ಮಕ್ಕಳು: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಏನು ಮಾಡಬಹುದು?

ಪ್ರಶ್ನೆ (ಪಾಲಕರು, ಇಂಡಿ ತಾಲೂಕು): ನಮಸ್ಕಾರ್ರಿ ಸರ್. ದೀಪಾವಳಿ ಮುಗೀತಂದ್ರ ನಮ್ಮ ತಾಂಡಾದ ಗ್ಯಾಂಗ್‌ಗಳು ಕಬ್ಬು ಕಡಿಯಾಕ ಸಾಂಗ್ಲಿ, ಕೊಲ್ಹಾಪುರ ಕಡೆ ಹೋಗ್ತಾವ. ಮಕ್ಕಳೂ ಬೆನ್ನು ಹತ್ತತಾರ. ತಿರುಗಿ ಬರೂದ್ರಾಗ ಪಾಠ ಮುಗದಿರ್ತಾವ. ಈ ಸಲ ನಾನೂ ಎಸ್‌ಡಿಎಂಸಿ ಸದಸ್ಯೆ. ಸಹಿ ಮಾಡೂದು ಬಿಟ್ಟು ನಾವೇನ್ ಮಾಡಬಹುದ್ರಿ?

ಉತ್ತರ (ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ): ಅಕ್ಕಾರ, ದೀಪಾವಳಿಗೆ ಶುರು ಮಾಡಿದರೆ ತಡವಾಯಿತು. ಗ್ಯಾಂಗ್ ಕರೆದೊಯ್ಯುವ ಮೇಸ್ತ್ರಿ, ಅಂದರೆ ಮುಕಾದಮನ ಮುಂಗಡ ಮನೆ ಸೇರಿದ ಮೇಲೆ ಯಾರೂ ಮನಸ್ಸು ಬದಲಿಸುವುದಿಲ್ಲ. ಆಗಸ್ಟ್ ಸಭೆಯಲ್ಲೇ ಪಟ್ಟಿ ಮಾಡಿ: ಮಗುವಿನ ಹೆಸರು, ತರಗತಿ, ಎಸ್‌ಎಟಿಎಸ್ ಸಂಖ್ಯೆ (ಸರ್ಕಾರಿ ದಾಖಲೆಯಲ್ಲಿ ವಿದ್ಯಾರ್ಥಿಯ ಗುರುತಿನ ಸಂಖ್ಯೆ), ಹೋಗುವ ಊರು, ಎಷ್ಟು ತಿಂಗಳು, ಊರಲ್ಲಿ ಉಳಿಯುವ ಹಿರಿಯರು. ಮನೆಯಲ್ಲಿ ಕೂಸು ಇದೆಯೇ ಎಂಬುದನ್ನೂ ಬರೆಯಿರಿ. ದೊಡ್ಡ ಹುಡುಗಿಯನ್ನು ಕರೆದೊಯ್ಯುವುದು ಎಷ್ಟೋ ಸಲ ಆ ಕೂಸಿನ ಸಲುವಾಗಿಯೇ.

ಅಜ್ಜ-ಅಜ್ಜಿ ಇರುವ ಮಕ್ಕಳು ಊರಲ್ಲೇ ಉಳಿಯಲಿ. ಮಧ್ಯಾಹ್ನದ ಊಟ ಶಾಲೆಯಲ್ಲಿದೆ. ತೊಡಕಾಗುವುದು ರಾತ್ರಿ ಊಟಕ್ಕೆ, ಜ್ವರ ಬಂದಾಗ. ಐದಾರು ಮಕ್ಕಳಿಗೆ ಒಬ್ಬ ಸದಸ್ಯೆಯಂತೆ ಜವಾಬ್ದಾರಿ ಹಂಚಿಕೊಳ್ಳಿ. ಹಿರಿಯರಿಲ್ಲದ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಋತುಮಾನದ ವಸತಿಗೆ (ಹಂಗಾಮಿನ ತಿಂಗಳುಗಳ ಹಾಸ್ಟೆಲ್‌ಗೆ) ಅವಕಾಶವಿದೆ. ಠರಾವು ಬರೆದು, ಪಟ್ಟಿ ಲಗತ್ತಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬರೀ ‘ಸುಮಾರು 20 ಮಕ್ಕಳು’ ಎಂದರೆ ಆಗದು, ಹೆಸರು ಬೇಕು.

ಪ್ರಶ್ನೆ: ಹೋಗೇಬಿಟ್ರ? ಟಿಸಿ ಇಲ್ಲದ ಅಲ್ಲಿ ಸಾಲ್ಯಾಗ ತಗೋತಾರೇನ್ರಿ? ಮತ್ತ ಮುಖ್ಯಗುರುಗಳು ನಮ್ಮ ಮಾತು ಕೇಳಬೇಕಲ್ರಿ?

ಉತ್ತರ: ತಗೋಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ, ಹೊರರಾಜ್ಯದಲ್ಲೂ. ಆದರೆ ಅಲ್ಲಿ ಪಾಠ ಮರಾಠಿಯಲ್ಲಿ, ಕನ್ನಡದ ಮಗು ಸುಮ್ಮನೆ ಕೂತು ಬರುತ್ತದೆ. ಅದಕ್ಕೇ ಊರಲ್ಲಿ ಉಳಿಸಿಕೊಳ್ಳಿ ಎಂದು ಒತ್ತಿ ಹೇಳುತ್ತಿರುವುದು. ತಿರುಗಿ ಬಂದ ಮಗುವಿಗೆ ವಯಸ್ಸಿಗೆ ತಕ್ಕ ತರಗತಿ, ಜೊತೆಗೆ ವಿಶೇಷ ತರಬೇತಿ ಕೇಳಿ. ಅದು 4ನೇ ಕಲಂನಲ್ಲಿದೆ.

ಇನ್ನು ನಿಮ್ಮ ಮಾತಿನ ಬೆಲೆ. 21ನೇ ಕಲಂ ಪ್ರಕಾರ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದೂ ಸಮಿತಿಯ ಕೆಲಸ, 22ನೇ ಕಲಂ. ವಲಸೆ ಪಟ್ಟಿಯನ್ನು ಅದರಲ್ಲಿ ಸೇರಿಸಿ. ಗುರುಗಳೊಂದಿಗೆ ಜಗಳ ಬೇಡ, ಆದರೆ ಒಂದು ವಿಷಯದಲ್ಲಿ ಗಟ್ಟಿ ನಿಲ್ಲಿ: ಹೋದ ಮಗುವಿಗೆ ಹಾಜರಿ ಹಾಕಬಾರದು. ಕಾಗದದ ಮೇಲೆ ಮಗು ಶಾಲೆಯಲ್ಲೇ ಇದ್ದರೆ, ಮುಂದಿನ ವರ್ಷ ವಸತಿ ಕೇಳಲು ನಿಮ್ಮ ಕೈಯಲ್ಲಿ ಯಾವ ಆಧಾರವೂ ಉಳಿಯುವುದಿಲ್ಲ.