ಜರ್ಮನಿಯಲ್ಲಿ ಮಗಳಿಗೆ ರೂಮು: ನೋಡುವ ಮೊದಲೇ 1,140 ಯೂರೋ ಕೇಳುತ್ತಿದ್ದಾರೆ, ಕಳಿಸಬಹುದಾ?

ಹಾಸನದ ತಂದೆ:

ನಮಸ್ಕಾರ. ಮಗಳಿಗೆ ಆಖನ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಅಕ್ಟೋಬರ್‌ನಲ್ಲಿ ಕ್ಲಾಸು ಶುರು. ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೇವೆ, ವೇಟಿಂಗ್ ಲಿಸ್ಟ್ ಉದ್ದ ಇದೆ. ಬಾಡಿಗೆ ವೆಬ್‌ಸೈಟ್ ಒಂದರಲ್ಲಿ ರೂಮು ಕಂಡಿತು. ತಿಂಗಳಿಗೆ 380 ಯೂರೋ, ಯೂನಿವರ್ಸಿಟಿಗೆ ನಡೆದೇ ಹೋಗಬಹುದಂತೆ. ಓನರ್ ಕೆಲಸದ ಮೇಲೆ ಸ್ಪೇನ್‌ನಲ್ಲಿದ್ದಾರಂತೆ. ಎರಡು ತಿಂಗಳ ಅಡ್ವಾನ್ಸು, ಒಂದು ತಿಂಗಳ ಬಾಡಿಗೆ ಸೇರಿ 1,140 ಯೂರೋ ಹಾಕಿದರೆ ಬೀಗದ ಕೈ ಕೊರಿಯರ್ ಮಾಡುತ್ತಾರಂತೆ. ಮಗಳು ಪಾಸ್‌ಪೋರ್ಟ್ ಕಾಪಿ ಆಗಲೇ ಕಳಿಸಿದ್ದಾಳೆ. ನಾಳೆಯೊಳಗೆ ದುಡ್ಡು ಬರದಿದ್ದರೆ ಬೇರೆಯವರಿಗೆ ಕೊಡುತ್ತಾರಂತೆ. ಫೋಟೋ ಹಾಕಿದ್ದೇನೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಆಖನ್ ಕನ್ನಡಿಗ:

ಸರ್, ಕಳಿಸಬೇಡಿ. ಒಂದು ಯೂರೋನೂ ಬೇಡ.

ಅಡುಗೆಮನೆ ಫೋಟೋ ದೊಡ್ಡದು ಮಾಡಿ ನೋಡಿ. ಕೆಟಲ್ ಹಿಂದೆ ಸಾಕೆಟ್ ಇದೆ. ಚೌಕದ ಮೂರು ತೂತು, ಪಕ್ಕದಲ್ಲೇ ಸ್ವಿಚ್. ಅದು ಇಂಗ್ಲೆಂಡಿನ ಸಾಕೆಟ್. ಇಲ್ಲಿಯದು ದುಂಡಗೆ, ಒಳಗೆ ತಗ್ಗಾಗಿರುತ್ತದೆ, ಎರಡೇ ತೂತು. ನಮ್ಮೂರಲ್ಲೂ ಸಾಕೆಟ್ ಪಕ್ಕ ಸ್ವಿಚ್ ಇರುತ್ತದಲ್ವಾ, ಅದಕ್ಕೇ ನಮ್ಮ ಕಣ್ಣಿಗೆ ಅದು ಬೀಳುವುದಿಲ್ಲ. ಯಾರದೋ ಮನೆಯ ಫೋಟೋ ಎತ್ತಿ ಹಾಕಿದ್ದಾರೆ.

ನಾನು 2019ರಲ್ಲಿ ಇದೇ ಕಥೆಗೆ 900 ಯೂರೋ ಕಳೆದುಕೊಂಡೆ. ನನ್ನ ‘ಓನರ್’ ಲಂಡನ್‌ನಲ್ಲಿದ್ದರು. ಬೀಗದ ಕೈ ಬರುತ್ತದೆ ಅಂತ ಆರು ದಿನ ಕಾದೆ. ಕೊನೆಗೆ ಸೂಟ್‌ಕೇಸ್ ಎಳೆದುಕೊಂಡು ಆ ವಿಳಾಸಕ್ಕೇ ಹೋದೆ. ಬಾಗಿಲು ತೆಗೆದ ಅಜ್ಜಿ ಆ ಮನೆಯಲ್ಲಿ ಮೂವತ್ತು ವರ್ಷದಿಂದ ಇದ್ದರು. ಅಪ್ಪ ಆ ದುಡ್ಡು ಸೊಸೈಟಿಯಲ್ಲಿ ಸಾಲ ತೆಗೆದು ಕೊಟ್ಟಿದ್ದರು. ನಾಚಿಕೆಯಿಂದ ಮನೆಯಲ್ಲಿ ನಾಲ್ಕು ತಿಂಗಳು ಹೇಳಲೇ ಇಲ್ಲ. ಪೊಲೀಸರ ಹತ್ತಿರ ಹೋಗಿದ್ದೂ ಮೂರು ವಾರ ಬಿಟ್ಟು. ಅಷ್ಟರಲ್ಲಿ ಆ ಅಕೌಂಟ್ ಖಾಲಿ.

ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಕಾಡಿದ್ದು ಪಾಸ್‌ಪೋರ್ಟ್ ಕಾಪಿ. ನಾನು ತೆಗೆದುಕೊಳ್ಳದ ಮೊಬೈಲ್ ಕಾಂಟ್ರಾಕ್ಟಿಗೆ ಚಳಿಗಾಲದಲ್ಲಿ ವಸೂಲಿ ನೋಟಿಸ್ ಬಂತು. ಕಂಪ್ಲೇಂಟಿನ ನಂಬರ್ ಹಾಕಿ ಪತ್ರ ಬರೆದ ಮೇಲೇ ಕೈಬಿಟ್ಟರು. ಆ ನಂಬರಿಗೆ ಇಲ್ಲಿ ಆಕ್ಟನ್‌ಜೈಖನ್ ಅನ್ನುತ್ತಾರೆ.

ಅದಕ್ಕೇ ಹೇಳುತ್ತಿದ್ದೇನೆ, ದುಡ್ಡು ಹೋಗದಿದ್ದರೂ ಮಗಳು ಈಗಲೇ ಕಂಪ್ಲೇಂಟ್ ಕೊಡಲಿ. ಮೋಸಕ್ಕೆ ಪ್ರಯತ್ನ ಮಾಡುವುದೂ ಇಲ್ಲಿ ಅಪರಾಧ. ಆಖನ್ ಇರುವ ನಾರ್ತ್‌ರೈನ್-ವೆಸ್ಟ್‌ಫಾಲಿಯಾ ರಾಜ್ಯದ ಪೊಲೀಸರ ವೆಬ್‌ಸೈಟಿನಲ್ಲೇ ಕೊಡಬಹುದು. ಚಾಟ್, ಜಾಹೀರಾತು, ಅವರು ಕೊಟ್ಟ ಬ್ಯಾಂಕ್ ನಂಬರ್, ಎಲ್ಲದರ ಸ್ಕ್ರೀನ್‌ಶಾಟ್ ಮೊದಲು ತೆಗೆದಿಡಿ. ಅನುಮಾನ ಬಂದರೆ ಅವರು ಚಾಟ್ ಅಳಿಸಿಬಿಡುತ್ತಾರೆ.

ರೇಖಾ, ಕಲೋನ್:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಒಂದೆರಡು ಸೇರಿಸುತ್ತೇನೆ.

ಇಲ್ಲಿ ಅಡ್ವಾನ್ಸಿಗೆ ಕೌಟ್ಸಿಯೋನ್ ಅಂತಾರೆ. ಕಾನೂನಿನ ಪ್ರಕಾರ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಹೀಟರ್ ಖರ್ಚೆಲ್ಲ ಬಿಟ್ಟು. ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು, ಮೊದಲ ಕಂತು ಬಾಡಿಗೆ ಶುರುವಾದಾಗ. ಹಾಗಾಗಿ ‘ಎಲ್ಲಾ ನಾಳೆಯೊಳಗೆ’ ಅನ್ನುವ ಮಾತಿಗೆ ಹೆದರಬೇಡಿ.

ಮುಂದೆ ರೂಮು ಸಿಕ್ಕಾಗ ವಿಡಿಯೋ ಕಾಲ್ ಕೇಳಿ. ರೂಮು ಮಾತ್ರ ಅಲ್ಲ, ಕಿಟಕಿಯಿಂದ ಬೀದಿ ತೋರಿಸಲಿ, ಕೆಳಗೆ ಹೋಗಿ ಕಾಲಿಂಗ್ ಬೆಲ್ ತೋರಿಸಲಿ. ಇಲ್ಲಿ ಬೆಲ್ ಮೇಲೆ ಮನೆಯವರ ಹೆಸರಿರುತ್ತದೆ. ಆಮೇಲೆ, ಊರಿಗೆ ಬಂದು ವಿಳಾಸ ನೋಂದಾಯಿಸಲು ಮನೆ ಕೊಟ್ಟವರ ಸಹಿ ಇರುವ ಪತ್ರ ಬೇಕು. ಕೊಡುತ್ತೀರಾ ಅಂತ ಮೊದಲೇ ಕೇಳಿ. ಕಳ್ಳರು ಇದಕ್ಕೆ ನೇರ ಉತ್ತರ ಕೊಡುವುದಿಲ್ಲ.

ಮೊದಲ ಎರಡು ವಾರಕ್ಕೆ ಯೂತ್ ಹಾಸ್ಟೆಲ್ ಹಿಡಿಯಿರಿ. ದುಬಾರಿ ಆಗುತ್ತದೆ, ನಿಜ. ಆದರೆ ಮಗಳು ಕಣ್ಣಾರೆ ನೋಡಿ ರೂಮು ಹಿಡಿಯಬಹುದು. ಆಖನ್‌ನಲ್ಲಿ ಯಾರಾದರೂ ಕನ್ನಡದ ಹುಡುಗರು ಮೊದಲೇ ಹೋಗಿ ನೋಡಿ ಬರುವುದಾದರೆ ಇನ್ನೂ ಒಳ್ಳೆಯದು.

ಹಾಸನದ ತಂದೆ:

ಇಬ್ಬರಿಗೂ ತುಂಬಾ ಧನ್ಯವಾದ. ಸಾಕೆಟ್ ನೋಡಿ ನನ್ನ ಕೈ ನಡುಗಿತು. ಬೆಳಗ್ಗೆ ಬ್ಯಾಂಕಿಗೆ ಹೋಗಲು ಫಾರ್ಮ್ ತುಂಬಿ ಇಟ್ಟಿದ್ದೆ. ಬೆಲ್ ತೋರಿಸಿ ಅಂತ ಮಗಳು ಕೇಳಿದಳು. ‘ಕ್ಯಾಮೆರಾ ಕೆಟ್ಟಿದೆ’ ಅಂದರು, ಅರ್ಧ ಗಂಟೆಯಲ್ಲಿ ಬ್ಲಾಕ್ ಮಾಡಿದರು. ಸ್ಕ್ರೀನ್‌ಶಾಟ್ ಮೊದಲೇ ತೆಗೆದಿದ್ದೆವು. ರಾತ್ರಿ ಕೂತು ಕಂಪ್ಲೇಂಟ್ ಹಾಕಿದ್ದೇವೆ, ಅದರ ಪ್ರಿಂಟು ವೀಸಾ ಫೈಲಿನಲ್ಲಿ ಇಟ್ಟಿದ್ದೇವೆ. ಜಾಹೀರಾತು ಇನ್ನೂ ಹಾಗೇ ಇದೆ, ವೆಬ್‌ಸೈಟ್‌ನವರಿಗೂ ಬರೆದಿದ್ದೇವೆ. ಯಾರಾದರೂ 380 ಯೂರೋದ, ಹಳದಿ ಪರದೆಯ ಈ ರೂಮು ನೋಡುತ್ತಿದ್ದರೆ ದಯವಿಟ್ಟು ದುಡ್ಡು ಹಾಕಬೇಡಿ.