ಅಪರಿಚಿತರ ಜೊತೆ ಒಂದೇ ದೋಣಿಯಲ್ಲಿ ಗಾಳ, ಸ್ನಾರ್ಕೆಲಿಂಗ್: ಹೋಗಿಬಂದವರ ಅನುಭವ ಬೇಕಿತ್ತು

ಪ್ರಶ್ನೆ

ನಮಸ್ಕಾರ. ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗಳು, ಮೂವರೂ ಮೊದಲ ಸಲ ಹವಳದ ದ್ವೀಪವೊಂದಕ್ಕೆ ಹೊರಡೋ ಯೋಚನೆಯಲ್ಲಿದ್ದೇವೆ. ಯಾವ ದ್ವೀಪ ಅಂತ ಇನ್ನೂ ನಿಶ್ಚಯವಾಗಿಲ್ಲ, ಹಾಗಾಗಿ ಎಲ್ಲಿಗಾದರೂ ಹೊಂದುವಂಥ ಮಾತು ಹೇಳಿ. ಅಂಥ ಕಡೆ ಬೆಳಿಗ್ಗೆ ಹೊರಟು ಸಂಜೆಯೊಳಗೆ ವಾಪಸ್ ಬರುವ ದೋಣಿ ಪ್ರವಾಸ ಇರುತ್ತದಂತೆ. ಗೊತ್ತಿಲ್ಲದವರ ಜೊತೆ ಒಂದೇ ದೋಣಿ, ಸ್ವಲ್ಪ ಹೊತ್ತು ಗಾಳ ಹಾಕೋದು, ಸ್ವಲ್ಪ ಹೊತ್ತು ಸ್ನಾರ್ಕೆಲಿಂಗ್, ಅಂದರೆ ಕಣ್ಣಿಗೆ ಮಾಸ್ಕ್ ಹಾಕಿ, ಬಾಯಲ್ಲಿ ಕೊಳವೆ ಇಟ್ಟು ಉಸಿರಾಡ್ತಾ ನೀರ ಮೇಲೆ ತೇಲಿ ಕೆಳಗೆ ನೋಡೋದು. ಇಡೀ ದೋಣಿ ನಮಗೇ ಅಂತ ತಗೊಂಡರೆ ಖರ್ಚು ಕೈಮೀರುತ್ತೆ. ನನಗೆ ಈಜು ಬರುತ್ತೆ, ಹೆಂಡತಿಗೆ ಬರಲ್ಲ, ಮಗಳು ಈಜುಕೊಳದಲ್ಲಿ ಕಲಿತಿದ್ದಾಳೆ. ಬಸ್ಸಿನಲ್ಲೇ ನನಗೆ ಹೊಟ್ಟೆ ತೊಳೆಸುತ್ತೆ. ನಮ್ಮಂಥವರಿಗೆ ಇದು ಆಗಿಬರುತ್ತಾ? ದುಡ್ಡು ಕೊಡೋ ಮುಂಚೆ ಏನು ಕೇಳಬೇಕು?

ಆರು ಸಲ ಹೋಗಿಬಂದವರು

ಆಗಿಬರುತ್ತೆ ಸರ್. ಆದರೆ ಖರ್ಚು ಹಂಚಿಕೊಂಡ ಹಾಗೇ ಹೊತ್ತನ್ನೂ ಹಂಚಿಕೊಳ್ಳಬೇಕಾಗುತ್ತೆ, ತೊಂದರೆ ಶುರುವಾಗೋದು ಅಲ್ಲೇ. ಅರ್ಧ ಜನ ಮೀನಿಗೆ ಬಂದಿರ್ತಾರೆ, ಅರ್ಧ ಜನ ನೀರಿಗಿಳಿಯೋಕೆ. ಮೀನು ಕಚ್ಚೋಕೆ ಶುರುವಾದಾಗ ಗಾಳದವರು ಜಾಗ ಬಿಟ್ಟು ಏಳಲ್ಲ, ಮಾಸ್ಕ್ ಹಿಡಿದು ಕೂತವರ ಗಂಟೆ ಕರಗುತ್ತೆ. ಹಾಗಾಗಿ ನಾನು ಕೇಳೋ ಮೊದಲ ಪ್ರಶ್ನೆ ದರದ್ದಲ್ಲ: ಯಾವುದು ಮೊದಲು, ಯಾವುದು ಆಮೇಲೆ, ಒಂದೊಂದಕ್ಕೆ ಎಷ್ಟು ಹೊತ್ತು? ಇದಕ್ಕೆ "ಅಲ್ಲಿ ಹೋದಮೇಲೆ ನೋಡೋಣ" ಅನ್ನೋ ಉತ್ತರ ಬಂದರೆ ನಾನು ಮುಂದಿನ ದೋಣಿ ಹುಡುಕ್ತೀನಿ.

ನಿಮಗೆ ಸ್ನಾರ್ಕೆಲಿಂಗ್ ಮೊದಲು ಇರೋ ದೋಣಿಯೇ ಬೇಕು. ಬಿಸಿಲೇರಿದ ಹಾಗೆ ನೆಲ ಕಾದು, ಅದರ ಮೇಲಿನ ಗಾಳಿ ಮೇಲೇರಿ, ಸಮುದ್ರದ ಕಡೆಯಿಂದ ಗಾಳಿ ನುಗ್ಗೋಕೆ ಶುರುವಾಗುತ್ತೆ. ಮಧ್ಯಾಹ್ನದ ಹೊತ್ತಿಗೆ ನೀರಿನ ಮೇಲೆ ಸಣ್ಣ ಸಣ್ಣ ಅಲೆ ಏಳುತ್ತೆ, ಉಸಿರಿನ ಕೊಳವೆಗೆ ನೀರು ಸಿಡಿಯುತ್ತೆ. ಈಜು ಬರದವರು ಹೆದರೋದು ಆ ಸಿಡಿಯೋ ನೀರಿಗೇ. ಬೆಳಿಗ್ಗೆ ನೀರು ಎಣ್ಣೆ ಹಚ್ಚಿದ ಹಾಗೆ ಸಪಾಟಾಗಿರುತ್ತೆ, ತಳವೂ ಕಾಣುತ್ತೆ. ಇನ್ನೊಂದು ಕಾರಣವೂ ಇದೆ. ಗಾಳಕ್ಕೆ ಚುಚ್ಚಿದ ಮೀನಿನ ತುಂಡು, ಮೀನು ಸೀಳಿದ ರಕ್ತ ಬಿದ್ದ ನೀರಿಗೆ ದೊಡ್ಡ ಮೀನುಗಳು ವಾಸನೆ ಹಿಡಿದು ಬರ್ತವೆ. ಗಾಳ ಹಾಕಿದ ಜಾಗದಲ್ಲೇ ಜನರನ್ನ ನೀರಿಗಿಳಿಸೋ ದೋಣಿ ಹತ್ತಬೇಡಿ. ಎರಡಕ್ಕೂ ಬೇರೆ ಬೇರೆ ಜಾಗ ಇದೆಯಾ ಅಂತ ಬಾಯಿಬಿಟ್ಟು ಕೇಳಿ.

ಆಮೇಲೆ ನೀರಿನಲ್ಲಿ ನಿಮ್ಮ ಜೊತೆ ಯಾರು ಇಳಿತಾರೆ, ದೋಣಿಯ ಮೇಲಿಂದ ತಲೆ ಎಣಿಸ್ತಾ ಯಾರು ನಿಲ್ತಾರೆ ಅಂತ ವಿಚಾರಿಸಿ. ಎರಡೂ ಕೆಲಸಕ್ಕೆ ಒಬ್ಬನೇ ಇದ್ದರೆ ಸಾಲದು. ಲೈಫ್ ಜಾಕೆಟ್ ಎಷ್ಟಿದೆ, ಮಗುವಿನ ಅಳತೆಯದು ಇದೆಯಾ ಅನ್ನೋದನ್ನ ಕಣ್ಣಾರೆ ನೋಡಿ. ದೊಡ್ಡವರ ಜಾಕೆಟ್ ಮಗುವಿಗೆ ಹಾಕಿದರೆ ನೀರಲ್ಲಿ ಅದು ಕಿವಿಯವರೆಗೆ ಏರಿ ಮಗು ಕೆಳಗೆ ಜಾರುತ್ತೆ. ವಾಕಿಟಾಕಿ ಥರದ ರೇಡಿಯೊ ಇದೆಯಾ, ಬಿಸಿಲಿಗೆ ಮೇಲೆ ಚಾವಣಿ ಇದೆಯಾ, ಶೌಚಾಲಯ ಇದೆಯಾ, ಇದನ್ನೆಲ್ಲ ಕೇಳೋಕೆ ಸಂಕೋಚ ಬೇಡ.

ಈಜು ಬಾರದೆ ಹೋಗಿಬಂದವರು

ನಿಮ್ಮ ಮನೆಯವರಿಗೆ ಈ ಮಾತು ಓದಿಸಿ. ನನಗೂ ಈಜು ಬರಲ್ಲ. ಮೊದಲ ಸಲ ದೋಣಿಯಿಂದ ನೇರ ಆಳಕ್ಕೇ ಇಳಿದೆ. ಮುಖ ನೀರಿಗೆ ಹಾಕಿದ್ದೇ ತಡ, ಬಾಯಿಂದ ಉಸಿರಾಡಬೇಕು ಅಂತ ತಲೆಗೆ ಗೊತ್ತು, ಮೈಗೆ ಗೊತ್ತಿಲ್ಲ. ಎದೆ ಬಿಗಿದುಕೊಂಡಿತು. ಹತ್ತೇ ನಿಮಿಷದಲ್ಲಿ ಏಣಿ ಹತ್ತಿ ಬಂದು, ಉಳಿದ ಹೊತ್ತೆಲ್ಲ ಬೇರೆಯವರು ನೋಡಿದ ಮೀನಿನ ಕಥೆ ಕೇಳ್ತಾ ಕೂತೆ. ಅವತ್ತು ನನಗೆ ಬಹಳ ನೋವಾಗಿತ್ತು.

ಎರಡನೇ ಸಲ ಹೋಗೋ ಹಿಂದಿನ ದಿನ ದಡದಲ್ಲಿ ಸೊಂಟದ ಮಟ್ಟದ ನೀರಲ್ಲಿ ನಿಂತು, ಬರೀ ಮುಖ ಅದ್ದಿ, ಕೊಳವೆಯಿಂದ ಉದ್ದಕ್ಕೆ ಉಸಿರು ಬಿಡೋದನ್ನ ಅರ್ಧ ಗಂಟೆ ಮಾಡಿದೆ. ಎಳೆಯೋದಕ್ಕಿಂತ ಬಿಡೋದರ ಮೇಲೆ ಗಮನ ಇಡಬೇಕು, ನಿಧಾನಕ್ಕೆ, ಪೂರ್ತಿ. ಕೊಳವೆಗೆ ನೀರು ಬಂದರೆ "ಫೂ" ಅಂತ ಜೋರಾಗಿ ಊದಿ ಹೊರಹಾಕೋದನ್ನೂ ಅಲ್ಲೇ ಕಲಿತೆ. ಮರುದಿನ ಲೈಫ್ ಜಾಕೆಟ್ ಹಾಕಿಕೊಂಡು, ದೋಣಿಗೆ ಕಟ್ಟಿದ ತೇಲುಬಳೆ ಹಿಡಿದುಕೊಂಡು ಇಳಿದೆ. ಮುಕ್ಕಾಲು ಗಂಟೆ ನೀರಲ್ಲೇ ಇದ್ದೆ! ಬಾಯಿಂದ ಊದಿ ಉಬ್ಬಿಸೋ ತೆಳ್ಳನೆ ವೆಸ್ಟ್ ಕೊಟ್ಟರೆ ಬೇಡ ಅನ್ನಿ. ಅದು ಈಜು ಬರುವವರಿಗೆ ಆಸರೆ, ನಮಗೆ ಬೇಕಾದ್ದು ತಾನಾಗೇ ತೇಲಿಸೋ ಜಾಕೆಟ್.

ಮಾಸ್ಕ್ ಅಳತೆ ನೋಡೋದು ಸುಲಭ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿಂದ ಸ್ವಲ್ಪ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮದು. ಅಂಚಿನ ಕೆಳಗೆ ಒಂದೆಳೆ ಕೂದಲು ಸಿಕ್ಕಿದರೂ ನೀರು ಜಿನುಗುತ್ತೆ, ಗಂಡಸರ ಮೀಸೆಗೂ ಅದೇ ತೊಂದರೆ. ಗಾಜಿನ ಒಳಗೆ ಒಂದು ಹನಿ ಮಕ್ಕಳ ಶಾಂಪೂ ಸವರಿ ತೊಳೆದರೆ ಮಂಜು ಕಟ್ಟಲ್ಲ. ನೀರಿನೊಳಗೆ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ, ಹತ್ತಿರ ಇದ್ದ ಹಾಗೆ ಕಾಣುತ್ತೆ ಅನ್ನೋದನ್ನೂ ಮೊದಲೇ ತಿಳಿದುಕೊಂಡಿರಲಿ, ಇಲ್ಲದಿದ್ದರೆ ಮೊದಲ ದೊಡ್ಡ ಮೀನಿಗೇ ಬೆಚ್ಚಿಬೀಳ್ತಾರೆ.

ದೋಣಿಯಲ್ಲಿ ವಾಂತಿ ಮಾಡಿಕೊಳ್ಳುವವರು

ಬಸ್ಸಿನಲ್ಲಿ ಆಗೋರಿಗೆ ದೋಣಿಯಲ್ಲೂ ಆಗೋ ಸಾಧ್ಯತೆ ಹೆಚ್ಚು, ಅದರಲ್ಲೂ ನಿಂತ ದೋಣಿಯಲ್ಲಿ. ಓಡ್ತಿರುವಾಗ ಅಷ್ಟು ಗೊತ್ತಾಗಲ್ಲ. ಗಾಳ ಹಾಕೋಕೆ ಎಂಜಿನ್ ನಿಲ್ಲಿಸಿದಾಗ ದೋಣಿ ಪಕ್ಕಕ್ಕೆ ಹೊಯ್ದಾಡೋಕೆ ಶುರುಮಾಡುತ್ತೆ, ಡೀಸೆಲ್ ಹೊಗೆ ಸುತ್ತಿಕೊಳ್ಳುತ್ತೆ, ಕೈಯಲ್ಲಿ ಎರೆಯ ವಾಸನೆ. ಒಳಕಿವಿ "ಅಲುಗಾಡ್ತಿದೀವಿ" ಅನ್ನುತ್ತೆ, ಕೊಕ್ಕೆ ನೋಡ್ತಿರೋ ಕಣ್ಣು "ಇಲ್ಲ" ಅನ್ನುತ್ತೆ. ಆ ಜಗಳವೇ ಕಾಯಿಲೆ. ಕೊಕ್ಕೆಗೆ ಎರೆ ಚುಚ್ಚೋ ಕೆಲಸ ಬೇರೆಯವರಿಗೆ ಬಿಡಿ. ನೀವು ದೂರದಲ್ಲಿ ನೀರೂ ಆಕಾಶವೂ ಕೂಡೋ ಗೆರೆ ನೋಡ್ತಾ ದೋಣಿಯ ನಡುವಿಗೆ ಕೂತಿರಿ. ದೋಣಿಯ ಮುಂತುದಿಯ ಕಡೆ ಬೇಡ, ಅಲ್ಲಿ ಏರಿಳಿತ ಹೆಚ್ಚು. ಮೊಬೈಲ್ ಅಂತೂ ಮುಟ್ಟಲೇಬೇಡಿ.

ಮಾತ್ರೆ ಹೊರಡೋಕೆ ಒಂದು ಗಂಟೆ ಮೊದಲು ನುಂಗಿರಬೇಕು. ತಲೆ ತಿರುಗೋಕೆ ಶುರುವಾದಮೇಲೆ ತಗೊಂಡರೆ ಮಾತ್ರೆಯೇ ವಾಪಸ್ ಬರುತ್ತೆ. ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್ ಎರಡೂ ನಿದ್ದೆ ತರಿಸ್ತವೆ. ನಿದ್ದೆಗಣ್ಣಲ್ಲಿ ನೀರಿಗಿಳಿಯೋದು ಅಪಾಯ, ಹಾಗಾಗಿ ಯಾವುದನ್ನ ತಗೊಳ್ಳಲಿ ಅಂತ ಡಾಕ್ಟರನ್ನ ಕೇಳಿ, ಮನೆಯಲ್ಲೇ ಒಂದು ದಿನ ತಗೊಂಡು ನೋಡಿ. ಮಗಳಿಗೆ ಎಷ್ಟು ಕೊಡಬೇಕು ಅನ್ನೋದೂ ಅವರೇ ಹೇಳಲಿ. ಖಾಲಿ ಹೊಟ್ಟೆಯೂ ಬೇಡ, ಕರಿದದ್ದೂ ಬೇಡ. ಬಂದೇಬಿಟ್ಟರೆ ಗಾಳಿ ಯಾವ ಕಡೆ ಹೋಗ್ತಿದೆ ನೋಡಿ ಆ ಬದಿಗೆ ಬಗ್ಗಿ. ನಾಚಿಕೆ ಪಡಬೇಡಿ, ದೋಣಿಯವರಿಗೆ ಇದು ದಿನಾ ಕಂಡದ್ದು.

ಗಾಳಕ್ಕೇ ಹೋಗುವವರು

ಮೀನಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. "ಫಿಶಿಂಗ್" ಅಂತ ಬರೆದಿದ್ದರೆ ಅದು ಎರಡರಲ್ಲಿ ಯಾವುದು ಅಂತ ಕೇಳಿ. ಒಂದು, ಓಡೋ ದೋಣಿಯ ಹಿಂದೆ ದಾರ ಎಳೆದುಕೊಂಡು ಹೋಗೋ ಟ್ರೋಲಿಂಗ್. ಟ್ಯೂನಾದಂಥ ಓಟದ ಮೀನಿಗೆ ಅದೇ ಸರಿ, ಆದರೆ ಸಣ್ಣ ದೋಣಿಯಲ್ಲಿ ಕೋಲು ಮೂರೋ ನಾಲ್ಕೋ. ಹತ್ತು ಜನ ಇದ್ದರೆ ಸರದಿ. ನಿಮ್ಮ ಸರದಿಯಲ್ಲಿ ಮೀನು ಕಚ್ಚದಿದ್ದರೆ ಅಷ್ಟೇ. ಇನ್ನೊಂದು, ದೋಣಿ ನಿಲ್ಲಿಸಿ ಸೀಸದ ಗುಂಡು ಕಟ್ಟಿದ ದಾರವನ್ನ ತಳಕ್ಕೆ ಬಿಡೋದು. ಇದರಲ್ಲಿ ಎಲ್ಲರ ಕೈಗೂ ಒಂದೊಂದು ದಾರ. ಹಂಚಿಕೆಯ ದೋಣಿಗೆ, ಅದರಲ್ಲೂ ಮಗು ಇರುವವರಿಗೆ ನಾನು ಎರಡನೆಯದನ್ನೇ ಹೇಳೋದು. ಗುಂಡು ತಳ ಮುಟ್ಟಿದ್ದು ಕೈಗೆ ತಿಳಿಯುತ್ತೆ, ದಾರ ಸಡಿಲವಾಗುತ್ತೆ. ಒಂದು ಮೊಳ ಮೇಲೆತ್ತಿ ಕಾಯಬೇಕು. ಆಮೇಲೆ ಬೆರಳ ತುದಿಗೆ ಟಕ್ ಟಕ್ ಅಂತ ಬರುತ್ತಲ್ಲ, ಆ ಸುಖ ನಿಮ್ಮ ಮಗಳಿಗೆ ಸಿಗಲಿ.

ದಾರವನ್ನ ಯಾವತ್ತೂ ಕೈಗೆ ಸುತ್ತಿಕೊಳ್ಳಬಾರದು. ದೊಡ್ಡ ಮೀನು ಎಳೆದರೆ ನೈಲಾನ್ ಚಾಕುವಿನ ಹಾಗೆ ಕೊಯ್ಯುತ್ತೆ. ಕೊಕ್ಕೆ ಬೀಸೋ ಮುಂಚೆ ಹಿಂದೆ ನೋಡಬೇಕು. ಚರ್ಮಕ್ಕೆ ಮುಳ್ಳಿನ ಸಮೇತ ಕೊಕ್ಕೆ ಹೊಕ್ಕರೆ ಬಂದ ದಾರಿಯಲ್ಲೇ ಜಗ್ಗಬೇಡಿ, ಅಲುಗಾಡದ ಹಾಗೆ ಕಟ್ಟಿ ದಡಕ್ಕೆ ಬನ್ನಿ. ಬಿಟ್ಟುಬಿಡೋ ಮೀನನ್ನ ಒದ್ದೆ ಕೈಯಲ್ಲೇ ಹಿಡಿಯಿರಿ, ಒಣ ಕೈ ತಾಗಿದರೆ ಅದರ ಮೈಯ ಲೋಳೆ ಕಿತ್ತುಬರುತ್ತೆ.

ಹಿಡಿದ ಮೀನು ಯಾರದು ಅನ್ನೋದನ್ನೂ ಹತ್ತೋ ಮುಂಚೆ ಕೇಳಿ. ಕೆಲವು ಕಡೆ ದೋಣಿಯವರದು, ಕೆಲವು ಕಡೆ ಎಲ್ಲರಿಗೂ ಪಾಲು. ಇನ್ನು ತಿನ್ನೋ ವಿಷಯ, ಇದನ್ನ ದಯವಿಟ್ಟು ಗಮನವಿಟ್ಟು ಓದಿ. ಹವಳದ ಸಮುದ್ರಗಳಲ್ಲಿ ಸಿಗ್ವಟೆರಾ ಅನ್ನೋ ವಿಷವಿದೆ. ಪಾಚಿಗಳ ಮೇಲೆ ಬದುಕೋ ಸೂಕ್ಷ್ಮಜೀವಿಯಿಂದ ಹುಟ್ಟಿ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುತ್ತಾ ಸೇರಿಕೊಳ್ಳುತ್ತೆ. ಬ್ಯಾರಕುಡಾ, ಮೋರೆ ಈಲ್, ದೊಡ್ಡ ಗ್ರೂಪರ್ ಇವುಗಳಲ್ಲಿ ಹೆಚ್ಚು. ಬೇಯಿಸಿದರೂ ಹೋಗಲ್ಲ, ಮಂಜುಗಡ್ಡೆಯಲ್ಲಿಟ್ಟರೂ ಹೋಗಲ್ಲ, ರುಚಿ ವಾಸನೆಯಲ್ಲೂ ಗೊತ್ತಾಗಲ್ಲ. ವಾಂತಿ ಭೇದಿ ಆಗಿ, ತುಟಿ ಜುಮ್ಮೆಂದು, ತಣ್ಣೀರು ಮುಟ್ಟಿದರೆ ಸುಟ್ಟ ಹಾಗಾಗುತ್ತೆ. ಆ ದ್ವೀಪದ ಮೀನುಗಾರರು ಯಾವ ಮೀನು ತಾವೇ ತಿನ್ನಲ್ಲವೋ ಅದನ್ನ ನೀವೂ ಮುಟ್ಟಬೇಡಿ.

ಬೇಸರಪಟ್ಟು ಬಂದವರು

ಇಷ್ಟು ಒಳ್ಳೆಯ ಮಾತಿನ ನಡುವೆ ನನ್ನದೂ ಇರಲಿ. ನಾವು ಹೋದ ದೋಣಿಯಲ್ಲಿ ಹನ್ನೆರಡು ಜನ ಅಂದಿದ್ದರು, ಹತ್ತಿದ್ದು ಇಪ್ಪತ್ತಮೂರು. ತೆರೆದ ದೋಣಿ, ನೆರಳಿಗೆ ಜಾಗ ಸಾಲದು. ನಮ್ಮ ಆರು ವರ್ಷದ ಮಗ ಹೊರಟ ಒಂದು ಗಂಟೆಯೊಳಗೇ ಸುಸ್ತಾದ, ವಾಪಸ್ ಹೋಗೋಣ ಅಂದರೆ ಉಳಿದವರು ಹೇಗೆ ಒಪ್ಪುತ್ತಾರೆ? ಐದು ಗಂಟೆ ಅವನನ್ನ ಒದ್ದೆ ಟವೆಲ್‌ನಲ್ಲಿ ಸುತ್ತಿಕೊಂಡು ಕೂತೆ. ಏಳೆಂಟು ವರ್ಷದೊಳಗಿನ ಮಗು ಇದ್ದರೆ ಇಡೀ ದಿನದ ಹಂಚಿಕೆ ದೋಣಿ ಬೇಡ ಅನ್ನೋದು ನನ್ನ ಮಾತು. ಅರ್ಧ ದಿನದ್ದು ಹುಡುಕಿ, ಇಲ್ಲವೇ ಇನ್ನೊಂದು ಸಂಸಾರ ಜೊತೆ ಮಾಡಿಕೊಂಡು ಸಣ್ಣ ದೋಣಿಯನ್ನ ನೀವೇ ಹಿಡಿಯಿರಿ. ನಿಮ್ಮ ಮಗಳಿಗೆ ಹತ್ತು, ತಡೀಬಹುದು. ಆದರೂ ಜನ ಎಷ್ಟು ಅನ್ನೋದನ್ನ ಬರಹದಲ್ಲಿ ತಗೊಳ್ಳಿ, ಜಾಸ್ತಿ ಇದ್ದರೆ ಹತ್ತೋದಿಲ್ಲ ಅಂತಲೂ ಹೇಳಿಡಿ.

ಹವಳದ ಪರವಾಗಿ ಒಂದು ಮಾತು

ಸನ್‌ಸ್ಕ್ರೀನ್ ಬಗ್ಗೆ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಅನ್ನೋ ರಾಸಾಯನಿಕ ಇರುವಂಥವು ಹವಳಕ್ಕೆ ಕೆಡುಕು ಅಂತ 2021ರ ಜನವರಿಯಿಂದ ಹವಾಯಿಯಲ್ಲಿ ಅವುಗಳ ಮಾರಾಟವನ್ನೇ ನಿಲ್ಲಿಸಿದ್ದಾರೆ. ಪಲಾವ್ ದೇಶ 2020ರಲ್ಲೇ ನಿಷೇಧ ತಂದಿತ್ತು. ಜಿಂಕ್ ಆಕ್ಸೈಡ್ ಇರೋದು ತಗೊಳ್ಳಿ. ಅದಕ್ಕಿಂತ ಒಳ್ಳೆಯದು ಮೈತುಂಬ ಉದ್ದ ತೋಳಿನ ಈಜುಡುಪು. ಮುಖ ಕೆಳಗೆ ಹಾಕಿ ತೇಲೋದರಿಂದ ಸುಡೋದು ಬೆನ್ನು, ಕುತ್ತಿಗೆಯ ಹಿಂಭಾಗ, ಮೀನಖಂಡ. ಬಟ್ಟೆ ಇದ್ದರೆ ಚಳಿಯೂ ತಡೆಯುತ್ತೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಮೈಬಿಸಿ ಎಳೆಯುತ್ತೆ, ಬೆಚ್ಚಗಿನ ಸಮುದ್ರದಲ್ಲೂ ಮಕ್ಕಳ ತುಟಿ ನೀಲಿಗಟ್ಟುತ್ತೆ.

ದಣಿವಾದರೆ ಹವಳದ ಮೇಲೆ ನಿಲ್ಲಬೇಡಿ, ಬೆನ್ನ ಮೇಲೆ ತಿರುಗಿ ತೇಲಿ. ಬಂಡೆಯ ಹಾಗೆ ಕಾಣೋ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಕಲ್ಲಿನ ಬಣ್ಣದಲ್ಲೇ ಕೂತಿರೋ ಸ್ಟೋನ್‌ಫಿಶ್ ಮುಳ್ಳಿನ ಭಯವೂ ಇದೆ. ಅದು ಚುಚ್ಚಿದರೆ ತಡೆಯೋಷ್ಟು ಬಿಸಿನೀರಲ್ಲಿ ಕಾಲಿಟ್ಟು ಕೂಡಲೇ ಆಸ್ಪತ್ರೆಗೆ. ಮತ್ತೆ, ನೀರಲ್ಲಿ ಒಂದು ಗಳಿಗೆ ಕೈಕಾಲು ಆಡಿಸದೆ ಕಿವಿಗೊಡಿ. ಕಟಕ್ ಕಟಕ್ ಅಂತ ಕೇಳುತ್ತೆ, ಪ್ಯಾರಟ್‌ಫಿಶ್ ಹವಳದ ಕಲ್ಲು ಕಡಿಯೋ ಸದ್ದು. ಅದು ಅರೆದು ಬಿಟ್ಟದ್ದೇ ಆ ದಡಗಳ ಬಿಳಿ ಮರಳಿನ ದೊಡ್ಡ ಪಾಲು.

ಮತ್ತೆ ಕೇಳಿದವರು

ಎಲ್ಲರಿಗೂ ವಂದನೆಗಳು. ಎರಡು ಸಂದೇಹ. ಮರುದಿನ ಬೆಳಿಗ್ಗೆಯೇ ವಿಮಾನ ಇದ್ದರೆ ತೊಂದರೆಯಾ? ಮತ್ತೆ, ನಾನು ಮಗಳ ಜೊತೆ ಇರಲೋ ಹೆಂಡತಿಯ ಜೊತೆ ಇರಲೋ?

ಆರು ಸಲ ಹೋಗಿಬಂದವರು

ವಿಮಾನಕ್ಕೆ ಕಾಯಬೇಕಾದ್ದು ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಹೋಗೋ ಸ್ಕೂಬಾದವರು: ಒಂದು ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚು ಸಲ ಮುಳುಗಿದ್ದರೆ 18 ಗಂಟೆ. ಮೇಲೆ ತೇಲುವವರಿಗೆ ಆ ಲೆಕ್ಕ ಇಲ್ಲ.

ಎರಡನೆಯದು ಒಳ್ಳೆಯ ಪ್ರಶ್ನೆ. ಒಬ್ಬರಿಗೆ ಒಬ್ಬರು ಅನ್ನೋದು ನಿಯಮ, ನೀವು ಮೂವರು. ಹೆಂಡತಿಗೆ ದೋಣಿಯವರಲ್ಲಿ ಒಬ್ಬರನ್ನ ಗೊತ್ತುಮಾಡಿ, ಮಗಳು ನಿಮ್ಮ ಕೈಯಳತೆಯಲ್ಲೇ ಇರಲಿ. ಸ್ನಾರ್ಕೆಲಿಂಗ್‌ನಲ್ಲಿ ಕಷ್ಟಕ್ಕೆ ಸಿಕ್ಕಿದವರು ಕೂಗಲ್ಲ. ಮುಖ ಕೆಳಗೆ ಹಾಕಿ ಸುಮ್ಮನೆ ತೇಲ್ತಿರ್ತಾರೆ, ನೋಡುವವರಿಗೆ ಮೀನು ನೋಡ್ತಿರೋ ಹಾಗೇ ಕಾಣುತ್ತೆ. ಅರ್ಧ ನಿಮಿಷಕ್ಕೊಮ್ಮೆ ತಲೆಯೆತ್ತಿ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಹರಿವಿದ್ದರೆ ಮೊದಲು ಅದರ ಎದುರಿಗೆ ಹೋಗಿ, ದಣಿದಮೇಲೆ ಅದೇ ವಾಪಸ್ ತರುತ್ತೆ. ಮುಳುಗಿ ಮೀನು ನೋಡೋಕೆ ಮಗಳು ಆಸೆಪಟ್ಟರೆ, ಮುಳುಗೋ ಮುಂಚೆ ಬೇಗ ಬೇಗ ಉಸಿರಾಡೋಕೆ ಬಿಡಬೇಡಿ. ಅದರಿಂದ ಉಸಿರು ಬೇಕು ಅನ್ನೋ ಸೂಚನೆಯೇ ತಡವಾಗಿ, ನೀರೊಳಗೇ ಪ್ರಜ್ಞೆ ತಪ್ಪುತ್ತೆ.

ಕೇಳಿದವರು, ಹೋಗಿಬಂದ ಮೇಲೆ

ಹೋಗಿಬಂದೆವು. ಎಂಟೇ ಜನ, ಸ್ನಾರ್ಕೆಲಿಂಗ್ ಮೊದಲು, ತಳದ ಗಾಳ ಆಮೇಲೆ. ಹೆಂಡತಿ ಹಿಂದಿನ ದಿನ ದಡದಲ್ಲಿ ಉಸಿರಿನ ಅಭ್ಯಾಸ ಮಾಡಿದ್ದಳು, ತೇಲುಬಳೆ ಹಿಡಿದು ಇಪ್ಪತ್ತು ನಿಮಿಷ ಇದ್ದಳು. ಮಾತ್ರೆ ತಗೊಂಡಿದ್ದರೂ ಗಾಳದ ಹೊತ್ತಿಗೆ ನನಗೆ ಹೊಟ್ಟೆ ತೊಳೆಸಿತು, ಮಗಳೇ ನನ್ನ ದಾರವನ್ನೂ ಹಿಡಿದಳು.

ಇಲ್ಲಿ ಯಾರೂ ಹೇಳದ ಒಂದನ್ನ ಸೇರಿಸ್ತೀನಿ: ವಾಪಸ್ ದೋಣಿ ಹತ್ತೋದು. ಅಲೆಗೆ ಏಣಿ ಒಂದಡಿ ಮೇಲೇಳುತ್ತೆ, ಧೊಪ್ಪಂತ ಕೆಳಗೆ ಬರುತ್ತೆ, ಅದರ ಕೆಳಗೆ ತಲೆ ಇರಬಾರದು. ಎಂಜಿನ್ ಪೂರ್ತಿ ನಿಂತಿದೆ ಅಂತ ದೋಣಿಯವರು ಕೈ ಮಾಡಿದ ಮೇಲೆಯೇ ಹತ್ತಿರ ಹೋಗಬೇಕು. ಒಂದು ಕೈಯಲ್ಲಿ ಏಣಿ ಹಿಡಿದುಕೊಂಡು ಕಾಲಿನ ಫಿನ್ (ಈಜೋಕೆ ಹಾಕಿಕೊಳ್ಳೋ ರೆಕ್ಕೆ) ಎರಡನ್ನೂ ನೀರಲ್ಲೇ ಬಿಚ್ಚಿ ಮೇಲೆ ಕೊಡಬೇಕು, ಹಾಕಿಕೊಂಡೇ ಮೆಟ್ಟಿಲೇರಲು ಆಗಲ್ಲ. ಏಣಿ ಕೆಳಗೆ ಬಂದಾಗ ಕಾಲಿಟ್ಟು, ಮೇಲೇಳುವಾಗ ಅದರ ಜೊತೆ ಏಳಬೇಕು. ಈಜು ಬರದವರಿಗೆ ಇಡೀ ದಿನದಲ್ಲಿ ಕಷ್ಟದ ಗಳಿಗೆ ಅದೇ. ದಡದಲ್ಲಿ ದೋಣಿ ಕಟ್ಟಿರುವಾಗಲೇ ಏಣಿ ಹೇಗಿದೆ, ಕೊನೆಯ ಮೆಟ್ಟಿಲು ನೀರೊಳಗೆ ಎಷ್ಟು ಇಳಿಯುತ್ತೆ ಅಂತ ನೋಡಿಕೊಳ್ಳಿ.