ಲೂಪ್‌ ಆಗಿ ಸುತ್ತುವ ದನಿಗಳನ್ನು ‘ಹಿಮ್ಮೇಳ’ ಎನ್ನಬಹುದೇ?

ಮಾನ್ಯರೆ,

ಪಾಶ್ಚಾತ್ಯ ಜನಪ್ರಿಯ ಸಂಗೀತದ ಧ್ವನಿಮುದ್ರಣವನ್ನು ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಇಂಗ್ಲೆಂಡಿನ ಟೆನ್‌ ಸಿಸಿ ತಂಡದ ‘ಐಮ್‌ ನಾಟ್‌ ಇನ್‌ ಲವ್‌’ ಹಾಡಿನ ಪ್ರಸ್ತಾಪ ಬರುವ ಕಡೆ ತಕ್ಕ ಪದವೊಂದು ಸಿಗುತ್ತಿಲ್ಲ. ಪದವನ್ನು ಕೇಳುವ ಮೊದಲು ವಸ್ತುವನ್ನು ತುಸು ವಿವರವಾಗಿಯೇ ಹೇಳಬೇಕು. ಇಲ್ಲವಾದರೆ ‘ಕೋರಸ್‌ ಎಂದರೆ ಸಾಕಲ್ಲವೇ’ ಎಂಬ ಉತ್ತರ ಬರುವುದು ಸಹಜ.

ಎರಿಕ್‌ ಸ್ಟೂವರ್ಟ್‌ ಮತ್ತು ಗ್ರಹಾಮ್‌ ಗೌಲ್ಡ್‌ಮನ್‌ ರಚಿಸಿದ ಈ ಹಾಡನ್ನು ಸ್ಟಾಕ್‌ಪೋರ್ಟ್‌ ಪಟ್ಟಣದ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಮೊದಲು ಬ್ರೆಜಿಲ್ ಮೂಲದ ಬೋಸಾ ನೋವಾ ಶೈಲಿಯ ನಡೆಯಲ್ಲಿ ಮುದ್ರಿಸಿದ್ದರು. ಅದು ತಂಡಕ್ಕೇ ಹಿಡಿಸಲಿಲ್ಲವಾದ್ದರಿಂದ ಕೈಬಿಟ್ಟರು. ವಾದ್ಯಗಳ ಬದಲು ಮನುಷ್ಯರ ದನಿಯಿಂದಲೇ ಇಡೀ ಹಾಡನ್ನು ಕಟ್ಟೋಣ ಎಂಬ ಸಲಹೆ ಬಂದದ್ದು ತಂಡದ ಇನ್ನೊಬ್ಬ ಸದಸ್ಯ ಕೆವಿನ್‌ ಗಾಡ್ಲಿಯಿಂದ. ಅದರಂತೆ ಗಾಡ್ಲಿ, ಗೌಲ್ಡ್‌ಮನ್‌ ಮತ್ತು ಲೋಲ್‌ ಕ್ರೀಮ್‌ ಮೂವರೂ ಸಪ್ತಕದ ಒಂದೊಂದು ಸ್ವರವನ್ನು, ಅರ್ಧಸ್ವರಗಳನ್ನೂ ಬಿಡದೆ, ಅಕಾರದಲ್ಲಿ 16 ಸಲ ಹಾಡಿದರು. ಹೀಗೆ ಸ್ವರವೊಂದಕ್ಕೆ 48 ದನಿಗಳು ಕೂಡಿದವು. ಬಳಿಕ ಪ್ರತಿ ಸ್ವರದ ಟೇಪಿನ ತುದಿಗಳನ್ನು ಒಂದಕ್ಕೊಂದು ಅಂಟಿಸಿ, ಉಸಿರು ತೆಗೆದುಕೊಳ್ಳುವ ಬಿಡುವೇ ಇಲ್ಲದೆ ಸುತ್ತುತ್ತಲೇ ಇರುವ ಲೂಪ್‌ಗಳನ್ನಾಗಿ ಮಾಡಿದರು. ಮಿಕ್ಸಿಂಗ್‌ ಮೇಜಿನ ಒಂದೊಂದು ಫೇಡರ್‌ಗೆ (ದನಿಯ ಮಟ್ಟವನ್ನು ಏರಿಸಿ ಇಳಿಸುವ ಜಾರುಗುಂಡಿಗೆ) ಒಂದೊಂದು ಸ್ವರ ಒದಗುವಂತೆ ಮಾಡಿಕೊಂಡು, ಹಾರ್ಮೋನಿಯಂನ ಮನೆಗಳ ಮೇಲೆ ಕೈಯಾಡಿಸುವಂತೆ ಬೇಕಾದಾಗ ಏರಿಸಿ ಬೇಡವಾದಾಗ ಇಳಿಸಿ, ಆ ದನಿಗಳನ್ನು ‘ನುಡಿಸಿದರು’. ಫೇಡರ್‌ಗಳು ಪೂರ್ತಿ ಕೆಳಗಿಳಿಯದಂತೆ ಅಡಿಯಲ್ಲಿ ಪಟ್ಟಿ ಅಂಟಿಸಿದ್ದರಿಂದ, ಹಾಡಿನ ಉದ್ದಕ್ಕೂ ಎಲ್ಲ ಸ್ವರಗಳೂ ಮಂದವಾಗಿ ಒಟ್ಟಿಗೇ ಗುನುಗುತ್ತಿರುತ್ತವೆ.

ಈ ಗುನುಗನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

‘ಕೋರಸ್‌’ ನಮ್ಮ ಸಿನಿಮಾ ಹಾಡುಗಳಿಂದ ಎಲ್ಲರಿಗೂ ಪರಿಚಿತವಾದ ಪದ. ಆದರೆ ಅಲ್ಲಿ ಹಲವರು ಒಂದೇ ಹೊತ್ತಿನಲ್ಲಿ ನಿಂತು ಹಾಡುತ್ತಾರೆಂಬ ಚಿತ್ರವೇ ಮುಂದೆ ಬರುತ್ತದೆ. ಇಲ್ಲಿ ಹಾಗೆ ಯಾರೂ ನಿಂತಿಲ್ಲ. ‘ಹಿಮ್ಮೇಳ’ದ ತೊಡಕು ಬೇರೆ ಬಗೆಯದು. ಸುಗಮ ಸಂಗೀತದವರು ಗಾಯಕರಿಗೆ ಒತ್ತಾಸೆಯಾಗಿರುವ ವಾದ್ಯ ಮತ್ತು ದನಿಗಳನ್ನು ಹಿಮ್ಮೇಳ ಎನ್ನುತ್ತಾರೆ. ಯಕ್ಷಗಾನದಲ್ಲಾದರೋ ಭಾಗವತರು ಮದ್ದಳೆ ಚೆಂಡೆಗಳೊಡನೆ ಕೂರುವುದೇ ಹಿಮ್ಮೇಳದಲ್ಲಿ, ಅಂದರೆ ಹಾಡಿನ ಜೀವವೇ ಅಲ್ಲಿದೆ. ಕರಾವಳಿಯ ಓದುಗರಿಗೂ ಬೆಂಗಳೂರಿನ ಓದುಗರಿಗೂ ಒಂದೇ ಪದ ಎರಡು ಚಿತ್ರ ಕೊಡುವುದಾದರೆ ಅಡಿಟಿಪ್ಪಣಿ ಬೇಕಾಗುತ್ತದೆ. (ಈ ಹಾಡಿನ ಮಟ್ಟಿಗೆ ಯಕ್ಷಗಾನದ ಅರ್ಥವೇ ಹೆಚ್ಚು ಒಪ್ಪುತ್ತದೆ ಎಂಬುದು ಬೇರೆ ಮಾತು.)

‘ಶ್ರುತಿ’ ಎನ್ನೋಣವೆಂದರೆ, ಬಿಡುವಿಲ್ಲದೆ ಅಡಿಯಲ್ಲಿ ಹರಿಯುವ ಗುಣವೇನೋ ಹೊಂದುತ್ತದೆ. ಆದರೆ ತಂಬೂರಿಯ ಶ್ರುತಿ ಆಧಾರ ಷಡ್ಜವನ್ನು ಬಿಟ್ಟು ಕದಲುವುದಿಲ್ಲ; ಇಲ್ಲಿ ಮೇಲೆದ್ದು ಕೇಳುವ ಸ್ವರಗಳು ಹಾಡು ನಡೆದಂತೆ ಬದಲಾಗುತ್ತಲೇ ಇರುತ್ತವೆ. ಸಂಗೀತ ಬಲ್ಲವರು ಇದನ್ನು ಖಂಡಿತ ಆಕ್ಷೇಪಿಸುತ್ತಾರೆ, ಆ ಆಕ್ಷೇಪ ನ್ಯಾಯವಾದದ್ದೇ. ಕೊನೆಗೆ ನಾನು ‘ದನಿಹಾಸು’ ಎಂದು ಬರೆದಿಟ್ಟಿದ್ದೇನೆ. ಮಗ್ಗದಲ್ಲಿ ಉದ್ದಕ್ಕೆ ಎಳೆದಿರುವ ನೂಲನ್ನು ಹಾಸು ಎನ್ನುವುದರಿಂದ, ಸ್ಟೂವರ್ಟ್‌ ಅವರ ಒಂಟಿ ದನಿ ಅದರ ನಡುವೆ ಹೊಕ್ಕಾಗಿ ಹಾಯುತ್ತದೆ ಎಂಬ ಧ್ವನಿಯೂ ಸಿಗುತ್ತದೆ. ಆದರೂ ಟಂಕಿಸಿದ ಪದಗಳ ಬಗ್ಗೆ ನನಗೆ ಸದಾ ಅನುಮಾನ. ಸ್ಟುಡಿಯೋದಲ್ಲಿ ದುಡಿಯುವವರು ಬಳಸದ ಪದ ನಿಘಂಟಿನಲ್ಲೇ ಉಳಿದುಬಿಡುತ್ತದೆ.

ಪದಕ್ಕಾಗಿ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಪ್ರೀತಿಸುತ್ತಿಲ್ಲವೆಂದು ಮತ್ತೆ ಮತ್ತೆ ಹೇಳುವ ಈ ಹಾಡಿನ ನಾಯಕನನ್ನು ನಾವು ನಂಬದಂತೆ ಮಾಡುವುದು ಅವನ ಸುತ್ತ ಮಂಜಿನಂತೆ ಕವಿದಿರುವ ಆ ದನಿಗಳೇ ಎಂಬುದು ನನ್ನ ಅಭಿಪ್ರಾಯ. ಆರು ನಿಮಿಷದಷ್ಟು ಉದ್ದವಿದ್ದರೂ 1975ರಲ್ಲಿ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಎರಡು ವಾರ ಮೊದಲ ಸ್ಥಾನದಲ್ಲಿತ್ತು, ಅಮೆರಿಕದಲ್ಲಿ ಮೂರು ವಾರ ಎರಡನೆಯ ಸ್ಥಾನದಲ್ಲಿತ್ತು. ನಡುವೆ ಪಿಸುಗುಟ್ಟುವ ಹೆಣ್ಣುದನಿ ಸ್ಟುಡಿಯೋದ ಕಾರ್ಯದರ್ಶಿಯದು. ಅದಕ್ಕೆ ‘ಪಿಸುಮಾತು’ ಇದ್ದೇ ಇದೆ, ಚರ್ಚೆ ಬೇಡ.

ಇನ್ನೊಂದು ಚಿಕ್ಕ ಪ್ರಶ್ನೆ. ಇಂಥ ಮೆಲುದನಿಯ ಜನಪ್ರಿಯ ಹಾಡುಗಳಿಗೆ ಹೇಳುವ ‘ಸಾಫ್ಟ್‌ ಪಾಪ್‌’ ಎಂಬುದನ್ನು ಸುಗಮ ಸಂಗೀತ ಎಂದು ಅನುವಾದಿಸಬೇಕೆಂದು ಗೆಳೆಯರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಪಿ. ಕಾಳಿಂಗರಾಯರಿಂದ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್‌ ಅವರವರೆಗೆ ಬೆಳೆದು ಬಂದ ಆ ಪರಂಪರೆಯಲ್ಲಿ ಕವಿತೆ ಮೊದಲು, ರಾಗಸಂಯೋಜನೆ ಆಮೇಲೆ. ಹೆಸರು ಕೇಳಿದೊಡನೆ ಕವಿಯೂ ನೆನಪಿಗೆ ಬರುತ್ತಾನೆ. ಆದ್ದರಿಂದ ‘ಸಾಫ್ಟ್‌ ಪಾಪ್‌’ ಎಂದೇ ಉಳಿಸಿದ್ದೇನೆ. ಲೂಪ್‌, ಫೇಡರ್‌ಗಳನ್ನೂ ಮುಟ್ಟಿಲ್ಲ.

ಧ್ವನಿಮುದ್ರಣದ ಕೆಲಸದಲ್ಲಿರುವವರು ಇಂಥ ದನಿಗಳಿಗೆ ತಮ್ಮ ನಡುವೆ ಏನೆನ್ನುತ್ತಾರೆ, ‘ದನಿಹಾಸು’ ಅವರ ಕಿವಿಗೆ ಹೇಗೆ ಕೇಳುತ್ತದೆ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.